ಆರಾಮಾಗಿ ಕೂತಿರಿ, ಮೇಡಂ

ಸೈಟ್ ಕ್ವಾರ್ಟರ್ಸ್
ಜೂನ್ ೩

ಪ್ರೀತಿಯ ಅತ್ತೆ,

ಬಂದು ತಲುಪಿದೆ. ಫೋನಿನಲ್ಲಿ ನಿಮಗೆ ಅರ್ಧ ಕೇಳುತ್ತದೆ, ಉಳಿದರ್ಧವನ್ನು ನೀವೇ ಕಟ್ಟಿಕೊಳ್ಳುತ್ತೀರಿ ಎಂದು ನಿಮ್ಮ ಮಗ ಹೇಳುವುದು ಸುಳ್ಳಲ್ಲ. ಮೊನ್ನೆ ದಾರಿಯಿಂದ ಫೋನ್ ಮಾಡಿ "ಬಸ್ಸು ಲೇಟು" ಎಂದರೆ, ನೀವು "ಯಾರಿಗೆ ಏಟು?" ಎಂದು ಮನೆಯವರನ್ನೆಲ್ಲ ಎಬ್ಬಿಸಿದಿರಂತೆ. ಆದ್ದರಿಂದ ಇನ್ನು ಮೇಲೆ ಕಾಗದ. ಇಷ್ಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತನ್ನೆಲ್ಲ ಜೋಡಿಸಿ ಕಿವಿ ಸವೆಸಿಕೊಂಡಿರಿ, ಇನ್ನು ಕಣ್ಣಿಗೂ ಸ್ವಲ್ಪ ಕೆಲಸ ಕೊಡಿ.

ರೂಮು ಚೆನ್ನಾಗಿದೆ. ತಗಡಿನ ಮಾಡು, ಒಂದು ಮಂಚ, ಒಂದು ಮೇಜು. ಕಿಟಕಿ ತೆಗೆದರೆ ನದಿ. ಸೇತುವೆ ಇನ್ನೂ ಸೇತುವೆಯಾಗಿಲ್ಲ. ನೀರಿನ ನಡುವೆ ಕಂಬಗಳು ಸಾಲಾಗಿ ಎದ್ದು ನಿಂತಿವೆ, ಅವುಗಳ ತಲೆ ಕಟ್ಟುವ ಕೆಲಸ ಈಗ ಶುರುವಾಗಬೇಕು. ನನ್ನ ಕೆಲಸ ಏನೆಂದು ಮಹಡಿ ಮನೆಯವರು ಕೇಳಿದರೆ ಹೀಗೆ ಹೇಳಿ. ಕಾಂಕ್ರೀಟ್ ಸುರಿಯುವ ಮೊದಲು ಒಳಗೆ ಕಟ್ಟಿದ ಕಬ್ಬಿಣ ಸರಿಯಿದೆಯೇ, ಸುತ್ತಲಿನ ಹಲಗೆ ಭದ್ರವಾಗಿದೆಯೇ ಎಂದು ನೋಡುವುದು. ಸರಿಯಿದ್ದರೆ ಸಹಿ ಹಾಕುವುದು. ನನ್ನ ಸಹಿ ಇಲ್ಲದೆ ಒಂದು ಬುಟ್ಟಿ ಕಾಂಕ್ರೀಟೂ ಬೀಳುವ ಹಾಗಿಲ್ಲ. ಏಕೆಂದರೆ ಒಂದು ಸಲ ಸುರಿದ ಮೇಲೆ ಒಳಗೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ.

ನಾಲ್ಕು ವರ್ಷ ಮನೆಯಲ್ಲಿದ್ದವಳು, ಎಲ್ಲ ಮರೆತುಹೋಗಿರುತ್ತದೆ ಎಂದು ಹೆದರಿದ್ದೆ. ನಿನ್ನೆ ಡ್ರಾಯಿಂಗ್ ಬಿಚ್ಚಿ ಮೇಜಿನ ಮೇಲೆ ಹರಡಿದಾಗ ಮೊದಲು ಎಲ್ಲ ಹೊಸದಾಗಿ ಕಂಡಿತು. ಆಮೇಲೆ ಒಂದೊಂದೇ ಗೆರೆ ಗುರುತು ಹಿಡಿದು ಮಾತಾಡಿಸಿತು. ಈ ಕೆಲಸದ ಜಾಹೀರಾತನ್ನು ಕತ್ತರಿಸಿ ನನ್ನ ಊಟದ ತಟ್ಟೆಯ ಪಕ್ಕ ಇಟ್ಟವರು ನೀವು. ಅದಕ್ಕೆ ನಿಮಗೊಂದು ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು.

ಇಲ್ಲಿನ ಇಂಜಿನಿಯರುಗಳಲ್ಲಿ ಹೆಂಗಸು ನಾನೊಬ್ಬಳೇ. ಎಲ್ಲರೂ ಒಳ್ಳೆಯವರು. ಪ್ರಾಜೆಕ್ಟ್ ಮ್ಯಾನೇಜರನ್ನು ಎಲ್ಲರೂ ದೊಡ್ಡ ಸಾಹೇಬರು ಎನ್ನುತ್ತಾರೆ. ಅವರು ಮೊದಲ ದಿನವೇ ನನಗೆಂದು ಕುಶನ್ ಇರುವ ಕುರ್ಚಿ ತರಿಸಿ ಫ್ಯಾನಿನ ಕೆಳಗೆ ಹಾಕಿಸಿದರು. "ಬಿಸಿಲಲ್ಲಿ ನೀವ್ಯಾಕೆ ಓಡಾಡ್ತೀರಿ? ಆರಾಮಾಗಿ ಕೂತಿರಿ, ಮೇಡಂ" ಎಂದರು. ನನ್ನನ್ನು ತುಂಬ ಆರಾಮಾಗಿ ಇಟ್ಟಿದ್ದಾರೆ, ನೀವೇನೂ ಯೋಚನೆ ಮಾಡಬೇಡಿ.

ಪುಟ್ಟಿ ರಾತ್ರಿ ಹಟ ಮಾಡುತ್ತಾಳಾ? ಮಾಡುವುದಿಲ್ಲ ಎಂದು ಬರೆದರೂ ಬೇಜಾರು, ಮಾಡುತ್ತಾಳೆ ಎಂದು ಬರೆದರೂ ಬೇಜಾರು. ಏನಾದರೂ ಬರೆಯಿರಿ.

ನಿಮ್ಮ ಸೊಸೆ


ಮನೆ
ಜೂನ್ ೧೧

ನಮ್ಮನೆ ಇಂಜಿನಿಯರಮ್ಮನಿಗೆ,

ನಿನ್ನ ಕಾಗದ ಓದಿದೆ. ಒಂದು ಸಲ ನನಗಾಗಿ, ಒಂದು ಸಲ ಪುಟ್ಟಿಗಾಗಿ, ಇನ್ನೊಂದು ಸಲ ಮಹಡಿ ಮನೆಯವಳಿಗಾಗಿ, ಅದೂ ಅವಳು ಕೇಳದೇ ಇದ್ದರೂ. ನೀನು ಹೊರಟ ದಿನ ಆ ಮಹಾತಾಯಿ ಮೆಟ್ಟಿಲ ಮೇಲೆ ನಿಂತು "ನೋಡ್ತಿರಿ, ಮಗು ಬಿಟ್ಟಿರೋಕಾಗದೆ ಎರಡೇ ತಿಂಗಳಲ್ಲಿ ವಾಪಸ್ ಬರ್ತಾಳೆ" ಎಂದಿದ್ದಳಲ್ಲ. ನಾನು ಗಟ್ಟಿಯಾಗಿ ಓದಿದೆ. ಕುಶನ್ ಕುರ್ಚಿ! ಫ್ಯಾನಿನ ಕೆಳಗೆ! ಅದೂ ಸೇರಿದ ದಿನವೇ! "ನೋಡಿದ್ರಾ, ನಮ್ಮ ಸೊಸೆಗೆ ಎಂಥ ಮರ್ಯಾದೆ" ಎಂದೆ. ಅವಳ ಮುಖ ಸಪ್ಪಗಾಯಿತು. ಆವತ್ತು ನನಗೆ ಊಟ ಮಾಡದೆಯೇ ಹೊಟ್ಟೆ ತುಂಬಿತು.

ನಾನು ಕೆಲಸಕ್ಕೆ ಸೇರಿದಾಗ ನಮಗೆ ಕೊಟ್ಟಿದ್ದು ಬೆನ್ನು ಆನಿಸಲು ಹಲಗೆಯೂ ಇಲ್ಲದ ಸ್ಟೂಲು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನಿನ್ನ ಕಾಲಕ್ಕೆ ಕುರ್ಚಿ ಬಂತಲ್ಲ, ಕಾಲ ಬದಲಾಯಿತು ಕಣೇ.

ನಿನ್ನ ಬುದ್ಧಿ ನನಗೆ ಹೊಸದಲ್ಲ. ಮದುವೆಯಾಗಿ ಬಂದ ವಾರವೇ ನಮ್ಮ ಬಚ್ಚಲ ಗೋಡೆಯನ್ನು ಬೆರಳಿನಿಂದ ತಟ್ಟಿ, "ಅತ್ತೆ, ಒಳಗೆ ಪೈಪು ಒಡೆದಿದೆ" ಎಂದಿದ್ದೆ. ಹೊಸ ಹುಡುಗಿಗೆ ಏನೋ ಹುಚ್ಚು ಎಂದುಕೊಂಡು ಸುಮ್ಮನಿದ್ದೆ. ತಿಂಗಳು ಕಳೆದು ಗೋಡೆ ಒಡೆಸಿದರೆ, ನೀನು ತೋರಿಸಿದ ಜಾಗದಲ್ಲೇ ಪೈಪು ಬಾಯಿ ಬಿಟ್ಟುಕೊಂಡಿತ್ತು. ಆವತ್ತೇ ನಾನು ತೀರ್ಮಾನ ಮಾಡಿದ್ದೆ, ಈ ಹುಡುಗಿ ನಮ್ಮ ಬಚ್ಚಲಿನ ಗೋಡೆಗಷ್ಟೇ ಮುಗಿದುಹೋಗಬಾರದು ಅಂತ.

ನನ್ನ ಸುಪುತ್ರ ಪುಟ್ಟಿಗೆ ಜಡೆ ಹಾಕಲು ಕಲಿತಿದ್ದಾನೆ. ಕಲಿತಿದ್ದಾನೆ ಎಂದರೆ ತಪ್ಪಾಗುತ್ತದೆ. ಹಾಕುತ್ತಾನೆ. ಶಾಲೆಗೆ ಹೋಗುವಷ್ಟರಲ್ಲಿ ಒಂದು ಜಡೆ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ನಿನ್ನೆ ಟೀಚರ್ ಪಾಪ, ಕೂರಿಸಿಕೊಂಡು ಬಿಚ್ಚಿ ಮತ್ತೆ ಹಾಕಿದರಂತೆ. ಪುಟ್ಟಿ ಚೆನ್ನಾಗಿದ್ದಾಳೆ. ನಿನ್ನನ್ನು ಕೇಳುತ್ತಾಳೆ, ಅಮ್ಮ ಸೇತುವೆ ಕಟ್ಟಲು ಹೋಗಿದ್ದಾಳೆ ಎಂದರೆ ಸುಮ್ಮನಾಗುತ್ತಾಳೆ. ಊಟ ಸರಿಯಾಗಿ ಮಾಡು.

ನಿನ್ನ ಅತ್ತೆ


ಸೈಟ್ ಕ್ವಾರ್ಟರ್ಸ್
ಜೂನ್ ೨೦

ಪ್ರೀತಿಯ ಅತ್ತೆ,

ನಿಮ್ಮ ಕಾಗದ ತಲುಪಿತು. ಜಡೆಯ ಸಂಗತಿ ಓದಿ ನಗು ಬಂತು. ನಾನು ಆರಾಮಾಗಿದ್ದೇನೆ. ಇಲ್ಲಿ ಅಂಥ ಕೆಲಸವೇನೂ ಇಲ್ಲ, ಹೆಚ್ಚಾಗಿ ಕೂತೇ ಇರುತ್ತೇನೆ. ಮಧ್ಯಾಹ್ನ ನಿದ್ದೆ ಬರುತ್ತದೆ. ಊಟ ಅಷ್ಟಾಗಿ ಸೇರುತ್ತಿಲ್ಲ, ಆದರೂ ಆರಾಮಾಗಿದ್ದೇನೆ. ಎಲ್ಲರೂ ಆರಾಮ ತಗೊಳ್ಳಿ ಎನ್ನುತ್ತಾರೆ, ತಗೊಳ್ಳುತ್ತಿದ್ದೇನೆ.

ಪುಟ್ಟಿಗೆ ಮುತ್ತು.

ನಿಮ್ಮ ಸೊಸೆ


ಮನೆ
ಜುಲೈ ೧

ನನ್ನ ಮಗಳೇ,

ಕಾಗದ ಓದಿ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ನಿದ್ದೆ ಬರುತ್ತದೆ, ಊಟ ಸೇರುತ್ತಿಲ್ಲ, ಎಲ್ಲರೂ ಆರಾಮ ತಗೊಳ್ಳಿ ಅಂತಾರೆ. ನೇರವಾಗಿ ಕೇಳುತ್ತೇನೆ, ನಾಚಿಕೊಳ್ಳಬೇಡ. ಏನಾದರೂ ವಿಶೇಷ ಇದೆಯಾ? ಇದ್ದರೆ ಮೊದಲು ನನಗೆ ಹೇಳಬೇಕಲ್ಲವೇನೇ! ನಿನ್ನ ಗಂಡನನ್ನು ಕೇಳಿದೆ. ಅವನು ಬೆಪ್ಪುತಕ್ಕಡಿಯ ಹಾಗೆ ಕಣ್ಣು ಕಣ್ಣು ಬಿಟ್ಟ. ನನ್ನ ಅಕ್ಕನಿಗೂ ಒಂದು ಮಾತು ಹೇಳಿಬಿಟ್ಟಿದ್ದೇನೆ, ಅವಳು ಇನ್ನು ಯಾರ್ಯಾರಿಗೆ ಹೇಳಿದ್ದಾಳೋ.

ಇದ್ದರೆ ಮೆಟ್ಟಿಲು ಹತ್ತಬೇಡ, ಭಾರ ಎತ್ತಬೇಡ. ಇಲ್ಲದಿದ್ದರೆ ಮತ್ತೇನು ಎಂದು ಬಿಡಿಸಿ ಬರಿ. ಮೊದಲಿನ ಕಾಗದದಲ್ಲಿ ನದಿ ಇತ್ತು, ಕಂಬ ಇತ್ತು, ಡ್ರಾಯಿಂಗ್ ಮಾತಾಡಿಸಿತು ಎಂದಿದ್ದೆ. ಈ ಕಾಗದದಲ್ಲಿ ಬರೀ ಆರಾಮ. ಅಷ್ಟೊಂದು ಆರಾಮ ಯಾರಿಗೂ ಒಳ್ಳೆಯದಲ್ಲ ಅಂತ ನನಗನ್ನಿಸುತ್ತದೆ.

ಪುಟ್ಟಿ ಚೆನ್ನಾಗಿದ್ದಾಳೆ.

ಅತ್ತೆ


ಸೈಟ್ ಕ್ವಾರ್ಟರ್ಸ್
ಜುಲೈ ೮

ಅತ್ತೆ,

ವಿಶೇಷ ಏನೂ ಇಲ್ಲ. ದೊಡ್ಡಮ್ಮನಿಗೆ ಹೇಳಿ, ಅವರು ಹೇಳಿದವರಿಗೆಲ್ಲ ಅವರೇ ಮತ್ತೆ ಹೋಗಿ ಹೇಳಲಿ. ನಿಮ್ಮ ಕಾಗದ ಓದಿ ಮೊದಲು ಬಿದ್ದು ಬಿದ್ದು ನಕ್ಕೆ, ಆಮೇಲೆ ಅತ್ತುಬಿಟ್ಟೆ. ನಗುವೂ ಅಳುವೂ ಬಾಗಿಲು ಹಾಕಿಕೊಂಡೇ.

ಆ ಕುರ್ಚಿ ಮರ್ಯಾದೆಯಲ್ಲ. ನಾನು ಅದನ್ನು ಬಿಟ್ಟು ಏಳದಿರಲಿ ಎಂದು ಹಾಕಿದ್ದು. ಡ್ರಾಯಿಂಗ್ ತೆಗೆದುಕೊಂಡು ಹೊರಟರೆ ಒಬ್ಬರು ಬಂದು ಕೈಯಿಂದ ತೆಗೆದುಕೊಳ್ಳುತ್ತಾರೆ, "ಕೊಡಿ ಮೇಡಂ, ನಾವ್ ನೋಡ್ಕೊಂಡ್ ಬರ್ತೀವಿ." ಹೆಲ್ಮೆಟ್ ಹಾಕಿಕೊಂಡರೆ ಇನ್ನೊಬ್ಬರು, "ಯಾಕೆ ಮೇಡಂ, ಏನಾದ್ರೂ ಬೇಕಿತ್ತಾ?" ಮೀಟಿಂಗಿನಲ್ಲಿ ನಾನು ಒಂದು ಮಾತು ಹೇಳಿದರೆ ಎಲ್ಲರೂ ನಗುಮುಖದಿಂದ ತಲೆಯಾಡಿಸುತ್ತಾರೆ, ಅದೇ ಮಾತನ್ನು ಪಕ್ಕದವರು ಹೇಳಿದ ಮೇಲೆ ಬರೆದುಕೊಳ್ಳುತ್ತಾರೆ. ಯಾರೂ ಗದರುವುದಿಲ್ಲ. ಯಾರೂ ಕೆಟ್ಟ ಮಾತು ಆಡುವುದಿಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಇಷ್ಟು ಒಳ್ಳೆಯವರ ಜೊತೆ ಏನು ಜಗಳ ಆಡುವುದು?

ನಾನು ಬರುವ ಮೊದಲೇ ಕಂಬಗಳು ಎದ್ದಿದ್ದವು. ಈಗ ದಡದ ಪಕ್ಕದ ಮೊದಲನೆಯ ಕಂಬದ ತಲೆ ಕಟ್ಟುತ್ತಿದ್ದಾರೆ, ಅದರ ಮೇಲೆಯೇ ಸೇತುವೆಯ ಭಾರವೆಲ್ಲ ಕೂರುವುದು. ನಾನು ಸಹಿ ಹಾಕಬೇಕಾದ ಮೊದಲ ದೊಡ್ಡ ಕೆಲಸ ಅದು. ಅದನ್ನು ನೋಡಲು ಕಬ್ಬಿಣದ ಏಣಿ ಹತ್ತಿ ಮೇಲೆ ಹೋಗಬೇಕು. ಸೇಫ್ಟಿ ಬೆಲ್ಟ್ ಇಲ್ಲದೆ ಯಾರನ್ನೂ ಹತ್ತಿಸುವುದಿಲ್ಲ. ಅದು ಸೊಂಟದ ಪಟ್ಟಿಯಲ್ಲ, ಹೆಗಲು, ಎದೆ, ತೊಡೆಗಳಿಗೆ ಬಿಗಿಯುವ ಪಟ್ಟಿಗಳು, ಕಾಲು ಜಾರಿದರೆ ಹಿಡಿದುಕೊಳ್ಳುವುದು ಅದೇ. ಇಲ್ಲಿರುವ ಬೆಲ್ಟುಗಳೆಲ್ಲ ಆಳೆತ್ತರದ ಗಂಡಸರ ಅಳತೆಯವು. ಕೊನೆಯ ತುದಿಯವರೆಗೆ ಎಳೆದು ಬಿಗಿದರೂ ನನ್ನ ಹೆಗಲಿನಿಂದ ಜಾರುತ್ತದೆ. ಬಿದ್ದರೆ ಬೆಲ್ಟ್ ಮೇಲೆ ಉಳಿಯುತ್ತದೆ, ನಾನು ನದಿಯಲ್ಲಿ. ಸಣ್ಣ ಅಳತೆಯದು ತರಿಸಿ ಎಂದು ಕೇಳಿದೆ. "ಒಬ್ಬರಿಗೋಸ್ಕರ ತರಿಸೋದಾ ಮೇಡಂ? ನೀವ್ಯಾಕೆ ಹತ್ಬೇಕು? ಫೋಟೋ ತಂದ್ ತೋರಿಸ್ತಾರೆ, ಸಹಿ ಹಾಕಿ ಸಾಕು" ಎಂದರು ದೊಡ್ಡ ಸಾಹೇಬರು. ಫೋಟೋದಲ್ಲಿ ಕಬ್ಬಿಣ ಕಾಣುತ್ತದೆ. ಬಿಗಿಯಾಗಿದೆಯೋ ಸಡಿಲವಾಗಿದೆಯೋ ಕೈಯಿಟ್ಟು ಅಲ್ಲಾಡಿಸದೆ ಹೇಗೆ ಹೇಳಲಿ?

ಇದನ್ನೆಲ್ಲ ಸಹಿಸಿಕೊಂಡೇನು. ಆದರೆ ಮೊನ್ನೆ ಫೋನಿನಲ್ಲಿ ನಿಮ್ಮ ಮಗ ಬಾಯಿ ತಪ್ಪಿ ಹೇಳಿಬಿಟ್ಟರು. ಪುಟ್ಟಿ ನಿಮ್ಮನ್ನು ಅಮ್ಮ ಎಂದು ಕರೆಯಲು ಶುರು ಮಾಡಿದ್ದಾಳಂತೆ. ನಿಮ್ಮ ಹಿಂದಿನ ಕಾಗದದಲ್ಲಿ ಅವಳ ಬಗ್ಗೆ ಒಂದೇ ಸಾಲು ಯಾಕಿತ್ತು ಎಂದು ಆಗ ಗೊತ್ತಾಯಿತು. ನೀವು ನನ್ನಿಂದ ಮುಚ್ಚಿಡಬಾರದಿತ್ತು ಅತ್ತೆ.

ಅಲ್ಲಿ ಮಗಳಿಗೆ ಅಮ್ಮನಲ್ಲ, ಇಲ್ಲಿ ಸೇತುವೆಗೆ ಇಂಜಿನಿಯರ್ ಅಲ್ಲ. ಫ್ಯಾನಿನ ಕೆಳಗೆ ಕೂರುವುದಕ್ಕೆ ಮಗಳನ್ನು ಬಿಟ್ಟು ಬಂದೆನಾ? ನಿನ್ನೆ ರಾಜೀನಾಮೆ ಕೊಟ್ಟೆ. ಹೊಸಬಳಾದ್ದರಿಂದ ಹೆಚ್ಚು ದಿನದ ನೋಟೀಸು ಬೇಕಿಲ್ಲವಂತೆ, ಈ ತಿಂಗಳ ಕೊನೆಯ ದಿನಕ್ಕೆ ಮುಗಿಯುತ್ತದೆ. ಆವತ್ತು ಕಾರು ತೆಗೆದುಕೊಂಡು ಬಂದು ನನ್ನನ್ನು ಕರೆದುಕೊಂಡು ಹೋಗಿ. ಮಹಡಿ ಮನೆಯವರು ಹೇಳಿದ ಹಾಗೆಯೇ ಆಯಿತು.

ಸೊಸೆ


ಮನೆ
ಜುಲೈ ೧೫

ಮಗಳೇ,

ನಿನ್ನ ಕೋಪ ನ್ಯಾಯವೇ. ಮುಚ್ಚಿಟ್ಟೆ. ನಿನಗೆ ಗೊತ್ತಾದರೆ ಮಾರನೆಯ ಬಸ್ಸಿಗೇ ಹೊರಟು ಬರುತ್ತೀಯ ಎಂಬ ಭಯಕ್ಕೆ ಮುಚ್ಚಿಟ್ಟೆ.

ಹೌದು, ಅಮ್ಮ ಎನ್ನುತ್ತಾಳೆ. ನನ್ನನ್ನು ಅಮ್ಮ ಎನ್ನುತ್ತಾಳೆ, ಹಾಲು ತರುವವಳನ್ನೂ ಒಂದು ದಿನ ಅಮ್ಮ ಎಂದಳು, ಜಡೆ ಹಾಕುವಾಗ ನೋವಾದರೆ ನಿನ್ನ ಗಂಡನನ್ನೂ "ಅಮ್ಮಾ" ಎನ್ನುತ್ತಾಳೆ. ನಿನಗೆ ಹೊಟ್ಟೆ ಚುರ್ ಎನ್ನುತ್ತದೆ, ಗೊತ್ತು. ನನಗೂ ಅಂದಿತ್ತು. ನಿನ್ನ ಗಂಡ ಸಣ್ಣವನಿದ್ದಾಗ ನಾನು ಶಿಫ್ಟಿಗೆ ಹೋದರೆ ಪಕ್ಕದ ಮನೆಯವರ ಹತ್ತಿರ ಇರುತ್ತಿದ್ದ. ಒಂದು ಸಂಜೆ ನಾನು ಕರೆದುಕೊಂಡು ಬರಲು ಹೋದರೆ ಅವರ ಕುತ್ತಿಗೆಗೆ ನೇತುಬಿದ್ದು ಬರುವುದಿಲ್ಲ ಎಂದು ಕಿರುಚಿದ. ದಾರಿಯುದ್ದಕ್ಕೂ ಅತ್ತುಕೊಂಡು ಬಂದೆ. ಈಗ ನೋಡು, ಈ ವಯಸ್ಸಿನಲ್ಲಿ ಸಾಕ್ಸು ಎಲ್ಲಿದೆ ಎಂದು ಕೇಳಲೂ ಅವನಿಗೆ ನಾನೇ ಬೇಕು. ಮಕ್ಕಳು ಎಲ್ಲಿಗೂ ಹೋಗುವುದಿಲ್ಲ ಕಣೇ.

ನಾನು ಎಕ್ಸ್‌ಚೇಂಜಿನ ಕೆಲಸದಲ್ಲಿ ಹೇಗೆ ಉಳಿದೆ ಎಂದು ನೀನು ಒಮ್ಮೆ ಕೇಳಿದ್ದೆ. ಧೈರ್ಯ ಎಂದು ನೀನು ತಿಳಿದಿದ್ದೀಯ. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಕರೆ ಜೋಡಿಸುವ ನನ್ನ ಬೋರ್ಡಿನ ಎಡಕ್ಕೊಬ್ಬಳು, ಬಲಕ್ಕೊಬ್ಬಳು ಇದ್ದರು. ಮಗುವಿಗೆ ಜ್ವರ ಎಂದು ನಾನು ಎದ್ದು ಓಡಿದರೆ, ನನ್ನ ಬೋರ್ಡಿನ ಕರೆಗಳನ್ನೂ ಅವರೇ ಕೈಚಾಚಿ ಜೋಡಿಸುತ್ತಿದ್ದರು. ಸೂಪರ್‌ವೈಸರ್ ಬಂದರೆ "ಈಗಷ್ಟೇ ಎದ್ದಳು" ಎನ್ನುತ್ತಿದ್ದರು. ಅವರಿಗೆ ಬೇಕಾದಾಗ ನಾನು. ಹಾಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಉಳಿದೆವು. ನಿನ್ನ ಎಡಕ್ಕೂ ಯಾರೂ ಇಲ್ಲ, ಬಲಕ್ಕೂ ಯಾರೂ ಇಲ್ಲ. ಅದಕ್ಕೇ ನಿನಗೆ ಸುಸ್ತಾಗಿದೆ, ನಿನ್ನಲ್ಲಿ ಏನೋ ಕಡಿಮೆಯಿದೆ ಎಂದಲ್ಲ. ಎಡಗಡೆ ನಾನಿದ್ದೇನೆ ಅಂದುಕೋ. ಬಲಗಡೆಗೆ ನಿನ್ನ ಗಂಡನನ್ನು ತಯಾರು ಮಾಡುತ್ತಿದ್ದೇನೆ, ಸ್ವಲ್ಪ ಟೈಮ್ ಕೊಡು.

ರಾಜೀನಾಮೆ ಬಗ್ಗೆ ನಾನು ಬಾಯಿ ಹಾಕುವುದಿಲ್ಲ. ಬನ್ನಿ ಎಂದರೆ ತಿಂಗಳ ಕೊನೆಗೆ ಕಾರು ತರುತ್ತೇವೆ. ನಿನ್ನ ಮನೆ ಇದು. ಆದರೆ ಅಲ್ಲಿಯವರೆಗೆ ಆ ಕುರ್ಚಿಯನ್ನು ಸುಮ್ಮನೆ ಯಾಕೆ ಬಿಡುತ್ತೀಯ? ನಿನ್ನ ಸಹಿ ಇಲ್ಲದೆ ಒಂದು ಬುಟ್ಟಿಯೂ ಬೀಳುವುದಿಲ್ಲ ಎಂದು ನೀನೇ ಬರೆದಿದ್ದೆ. ಆರಾಮಾಗಿ ಕೂತಿರಿ ಎಂದರಲ್ಲ? ಕೂತ್ಕೋ. ಕಾಲ ಮೇಲೆ ಕಾಲು ಹಾಕಿ ಆರಾಮಾಗಿ ಕೂತ್ಕೋ. ಪೆನ್ನಿನ ಮುಚ್ಚಳ ಮಾತ್ರ ತೆಗೆಯಬೇಡ. ಫೋಟೋ ತಂದರೆ "ಚೆನ್ನಾಗಿ ಬಂದಿದೆ, ಫ್ರೇಮ್ ಹಾಕಿಸಿ" ಅನ್ನು.

ಇನ್ನು ಬೆಲ್ಟ್ ವಿಚಾರ. ಅಷ್ಟಕ್ಕೆ ಯಾಕೆ ಅವರ ಹತ್ತಿರ ಹಲ್ಲು ಗಿಂಜುತ್ತೀಯ? ಒಂದನ್ನು ಪಾರ್ಸಲ್ ಮಾಡು. ನಿನ್ನ ಕೋಟಿನ ತೋಳು ಚಿಕ್ಕದು ಮಾಡಿಕೊಟ್ಟವಳು ನಾನು. ನಿನ್ನ ಹೆಗಲಿನ ಅಳತೆ ನನಗೆ ಬಾಯಿಪಾಠ. ದಪ್ಪ ಸೂಜಿ ಇದೆ, ಎರಡೆಳೆ ದಾರ ಹಾಕಿ ನಾಲ್ಕು ಹೊಲಿಗೆ ಹೊಡೆದರೆ ಬೆಲ್ಟ್ ನಿನ್ನ ಮೈಗೆ ಅಂಟಿಕೊಳ್ಳುತ್ತದೆ.

ಅತ್ತೆ


ಸೈಟ್ ಕ್ವಾರ್ಟರ್ಸ್
ಜುಲೈ ೨೩

ಅತ್ತೆ, ಅತ್ತೆ, ದಯವಿಟ್ಟು ಸೂಜಿ ಕೆಳಗಿಡಿ!

ಆ ಪಟ್ಟಿಯಲ್ಲಿ ಒಂದು ಸೂಜಿ ತೂತು ಬಿದ್ದರೂ ಅದನ್ನು ಎಸೆಯಬೇಕು. ಇಡೀ ಮನುಷ್ಯನ ಭಾರ ಜಗ್ಗಿದಾಗ ಆ ತೂತಿನಿಂದಲೇ ಹರಿಯುತ್ತದೆ. ನೀವು ಇನ್ನು ಯಾರ ಬೆಲ್ಟಿಗೂ ಕೈ ಹಾಕಬೇಡಿ, ಕಾರಿನ ಸೀಟ್ ಬೆಲ್ಟಿಗೂ.

ಆದರೆ ನಿಮ್ಮ ಆ ನಾಲ್ಕು ಹೊಲಿಗೆ ಇಲ್ಲಿ ಏನು ಮಾಡಿತು ಕೇಳಿ. ನೀವು ಹೇಳಿದ ಹಾಗೆ ಕೂತೆ. ಫೋಟೋ ಬಂತು, ನೋಡಿದೆ, ವಾಪಸ್ ಕೊಟ್ಟೆ. ಸಹಿ ಎಂದರು. ಮೇಲೆ ಹತ್ತಿ ನೋಡಿದ ಮೇಲೆ ಎಂದೆ. ಒಂದು ದಿನ ನಕ್ಕರು. ಮಾರನೆಯ ದಿನ ಯಾರೂ ನಗಲಿಲ್ಲ. ಕಾಂಕ್ರೀಟ್ ಲಾರಿಗಳನ್ನು ಬರಬೇಡಿ ಎಂದು ಫೋನ್ ಮಾಡಬೇಕಾಯಿತು. ದೊಡ್ಡ ಸಾಹೇಬರು ಬಂದು ನನ್ನ ಮೇಜಿನ ಮುಂದೆ ನಿಂತರು. "ಏನ್ ಮೇಡಂ ಇದು? ಹೋಗೋ ಹೊತ್ತಲ್ಲಿ ಯಾಕೆ ಹಟ?" ಎಂದರು. ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ, "ಸರ್, ನೀವು ಬೆಲ್ಟ್ ತರಿಸದಿದ್ರೆ ಪರವಾಗಿಲ್ಲ. ನಮ್ಮತ್ತೆ ಹೊಲಿದು ಕೊಡ್ತಾರಂತೆ" ಎಂದು ನಿಮ್ಮ ಕಾಗದದ ಆ ಸಾಲುಗಳನ್ನು ಓದಿ ತೋರಿಸಿದೆ.

ಅವರ ಮುಖದ ಬಣ್ಣವೇ ಹೋಯಿತು ಅತ್ತೆ. "ಹೊಲಿಯೋದಾ? ಸೇಫ್ಟಿ ಬೆಲ್ಟನ್ನಾ?" ಎಂದು ಕುರ್ಚಿ ಹುಡುಕಿದರು. ಪಕ್ಕದಲ್ಲಿ ಸೇಫ್ಟಿ ಆಫೀಸರ್ ಇದ್ದರು. ಅವರು ಮೊದಲು ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಸರ್, ನಮ್ ಸೈಟಲ್ಲಿ ಒಬ್ರಿಗೆ ಸರಿಯಾದ ಬೆಲ್ಟ್ ಇಲ್ಲ ಅಂದ್ರೆ ತಪ್ಪು ನಂದು. ಅವರ ಅತ್ತೆ ಸೂಜಿ ಹಿಡ್ಕೊಂಡ್ ಕೂರೋವರೆಗೂ ನನಗೆ ಹೊಳೀಲಿಲ್ವಲ್ಲ" ಎಂದರು. ಆವತ್ತೇ ಆರ್ಡರ್ ಹೋಯಿತು. ತಿಂಗಳ ಕೊನೆಯಷ್ಟರಲ್ಲಿ ಬರುತ್ತದಂತೆ.

ನಿಮ್ಮ ಕಾಗದದ ಉಳಿದ ಮಾತುಗಳನ್ನು ರಾತ್ರಿ ಮತ್ತೆ ಮತ್ತೆ ಓದಿದೆ. ಎಡಕ್ಕೊಬ್ಬಳು, ಬಲಕ್ಕೊಬ್ಬಳು. ಇಷ್ಟು ವರ್ಷ ಜೊತೆಯಲ್ಲಿದ್ದೂ ನೀವು ಏನನ್ನು ದಾಟಿ ಬಂದಿರಿ ಎಂದು ನಾನು ಸರಿಯಾಗಿ ಕೇಳಿಯೇ ಇರಲಿಲ್ಲ. ನಿಮ್ಮ ಹಾಗೆ ಇರಬೇಕು ಎಂದು ಆಸೆಯಾಗುತ್ತದೆ.

ಆದರೂ ಮನಸ್ಸು ಬದಲಾಗಿಲ್ಲ. ಪುಟ್ಟಿಯ ವಿಷಯ ನೀವು ಎಷ್ಟು ನಗಿಸಿ ಹೇಳಿದರೂ ಅದು ಒಳಗೆ ಚುಚ್ಚುತ್ತಲೇ ಇದೆ. ಒಂದೇ ಒಂದು ಕಂಬದ ತಲೆ ಹತ್ತಿ ನೋಡಿ, ಒಂದು ಸಹಿ ಹಾಕಿ ಬಂದುಬಿಡುತ್ತೇನೆ. ನಾನೂ ಒಂದು ದಿನ ಇಂಜಿನಿಯರ್ ಆಗಿದ್ದೆ ಎಂದು ಹೇಳಿಕೊಳ್ಳಲಿಕ್ಕೆ ಅಷ್ಟು ಸಾಕು. ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೆ ಬನ್ನಿ. ಬ್ಯಾಗು ಕಟ್ಟಿಟ್ಟಿರುತ್ತೇನೆ.

ನಿಮ್ಮ ಸೊಸೆ


ಮನೆ
ಆಗಸ್ಟ್ ೬

ಮಗಳೇ,

ನಿನ್ನ ಗಂಡ ಫೋನಿನಲ್ಲಿ ಕೇಳಿಸಿಕೊಂಡು ನನಗೆ ಎರಡು ಸುದ್ದಿ ಹೇಳಿದ. ಒಂದು, ನೀನು ದೊಡ್ಡ ಸಾಹೇಬರ ಹತ್ತಿರ ಹೋಗಿ ರಾಜೀನಾಮೆ ವಾಪಸ್ ತಗೊಂಡೆಯಂತೆ. ಎರಡು, ನನ್ನ ಮೇಲೆ ನಿನಗೆ ಕೆಟ್ಟ ಕೋಪವಂತೆ. ಮೊದಲನೆಯದಕ್ಕೆ ಕುಣಿದಾಡಿದೆ, ಎರಡನೆಯದಕ್ಕೆ ಈ ಕಾಗದ.

ಕೋಪ ಬರುವಂಥದ್ದೇ. ಕರೆದುಕೊಂಡು ಹೋಗಲು ಬಂದವಳು ನಿನ್ನ ಬ್ಯಾಗನ್ನು ಮುಟ್ಟಲೂ ಇಲ್ಲ, ಮಗನಿಗೂ ಮುಟ್ಟಲು ಬಿಡಲಿಲ್ಲ. ಪುಟ್ಟಿಯನ್ನು ನಿನ್ನ ಮಡಿಲಲ್ಲಿ ಕೂರಿಸಿ, ಸಂಜೆಯವರೆಗೆ ಇದ್ದು, "ಇವತ್ತೊಂದು ರಾತ್ರಿ ಇಲ್ಲೇ ಇರು, ನಾಳೆ ಯೋಚಿಸಿ ಹೇಳು" ಎಂದು ಮಗನನ್ನೂ ಪುಟ್ಟಿಯನ್ನೂ ಕರೆದುಕೊಂಡು ಖಾಲಿ ಡಿಕ್ಕಿಯ ಕಾರಿನಲ್ಲಿ ಹೊರಟುಬಿಟ್ಟೆ. ನೀನು ಕಿಟಕಿ ಹಿಡಿದುಕೊಂಡು "ನಾನು ಮನೆಗೆ ಬರೋದು ನಿಮಗೆ ಬೇಡವಾ ಅತ್ತೆ?" ಎಂದು ಕೇಳಿದೆ. ಬಾಯಿ ತೆಗೆದಿದ್ದರೆ ಅತ್ತುಬಿಡುತ್ತಿದ್ದೆ, ಅದಕ್ಕೆ ಮುಖ ಆ ಕಡೆ ತಿರುಗಿಸಿದೆ. ನೀನು ಬೇಡ ಎನ್ನುವ ನಾಲಿಗೆ ನನಗಿದೆಯೇನೇ?

ಆವತ್ತು ನಾವು ಹೇಳಿದ ಹೊತ್ತಿಗಿಂತ ಬೇಗ ಬಂದಿದ್ದೆವು, ಅದು ನಿನಗೆ ಗೊತ್ತಿಲ್ಲ. ಗೇಟಿನ ವಾಚ್‌ಮನ್ ನಮ್ಮನ್ನು ದಡದ ಮೇಲೆ ನೆರಳಿನಲ್ಲಿ ನಿಲ್ಲಿಸಿದರು. ಪುಟ್ಟಿ ಅವಳಪ್ಪ ಹಾಕಿದ ಜಡೆಯಲ್ಲಿದ್ದಳು, ಒಂದು ಪೂರ್ವ, ಒಂದು ಪಶ್ಚಿಮ. ಎದುರಿಗೆ ನಿನ್ನ ಕಂಬ. ಅಷ್ಟು ಎತ್ತರ ಇರುತ್ತದೆ ಎಂದು ನೀನು ಬರೆದೇ ಇರಲಿಲ್ಲ ಕಳ್ಳಿ! ನಾನು ಪುಟ್ಟಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಮೇಲೆ ಹೆಲ್ಮೆಟ್ ಹಾಕಿಕೊಂಡವರು ಎಷ್ಟೋ ಜನ, ಎಲ್ಲರೂ ಒಂದೇ ಥರ ಕಾಣುತ್ತಿದ್ದರು. ಪುಟ್ಟಿ ಕೇಳಿದಳು, "ಇದರಲ್ಲಿ ನಮ್ಮಮ್ಮ ಯಾವುದು?" ನನಗೂ ಗೊತ್ತಾಗಲಿಲ್ಲ, ನಿನ್ನ ಗಂಡನಿಗೂ ಗೊತ್ತಾಗಲಿಲ್ಲ.

ವಾಚ್‌ಮನ್ ಬಗ್ಗಿ ಅವಳಿಗೆ ತೋರಿಸಿದರು. "ಅಷ್ಟೂ ಜನ ಯಾರ ಮುಖ ನೋಡ್ತಾ ನಿಂತಿದಾರೆ ಹೇಳು? ಅವರೇ ನಿಮ್ಮಮ್ಮ."

ನೋಡಿದೆ ಕಣೇ. ಆಗ ಕಂಡಿತು. ಕೆಳಗೆ ಕಾಂಕ್ರೀಟ್ ಲಾರಿಗಳು ಹೊಟ್ಟೆ ತಿರುಗಿಸುತ್ತಾ ಸಾಲಾಗಿ ಕಾಯುತ್ತಿದ್ದವು. ಲಾರಿಯವರು ಕುತ್ತಿಗೆ ಎತ್ತಿ ಮೇಲೆ ನೋಡುತ್ತಿದ್ದರು. ದೊಡ್ಡ ಸಾಹೇಬರು ಕೈಯನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದರು. ನೀನು ಮಾತ್ರ ಯಾರ ಕಡೆಗೂ ನೋಡುತ್ತಿರಲಿಲ್ಲ. ಮೊಣಕಾಲೂರಿ ಕೂತು, ಕಬ್ಬಿಣದ ನಡುವೆ ಕೈ ಹಾಕಿ ಒಂದೊಂದೇ ಸರಳನ್ನು ಅಲ್ಲಾಡಿಸುತ್ತಿದ್ದೆ. ಏನೋ ಅಳೆದೆ, ಮುಂದಕ್ಕೆ ಸರಿದೆ, ಮತ್ತೆ ಅಳೆದೆ. ಅವಸರವೇ ಇಲ್ಲ. ನನಗೆ ಒಳಗೊಳಗೇ ಒಂದು ಆಸೆ, ದೊಡ್ಡ ತಪ್ಪೊಂದು ಹುಡುಕಿ ಹಿಡಿಯಲಿ, ಆ ಕುರ್ಚಿ ಕೊಟ್ಟವರಿಗೆಲ್ಲ ಮುಖಕ್ಕೆ ಮಂಗಳಾರತಿ ಆಗಲಿ ಅಂತ.

ದೂರದ ಮಾತು ನನಗೆ ಕೇಳದೆ ನಿನ್ನ ಗಂಡ ಕಿವಿಯಲ್ಲಿ ಹೇಳುತ್ತಾ ಹೋದ. ನೀನು ಏಣಿ ಇಳಿದು ಬಂದು, "ಎಲ್ಲ ಸರಿ ಇದೆ. ಸುರೀರಿ" ಎಂದೆ. ಅಷ್ಟೇ. ಆಮೇಲೆ ಕಬ್ಬಿಣ ಕಟ್ಟಿದ ಮುದುಕರ ಕಡೆ ತಿರುಗಿ, "ಯಜಮಾನ್ರೇ, ಎಷ್ಟು ಚೆನ್ನಾಗಿ ಕಟ್ಟಿದೀರಿ! ಒಂದು ಗಂಟೂ ಸಡಿಲ ಇಲ್ಲ" ಎಂದೆ. ಅವರ ಮುಖ ನೋಡಬೇಕಿತ್ತು ನೀನು. ಆ ಮನುಷ್ಯನ ಕೆಲಸವನ್ನು ಇಷ್ಟು ಹತ್ತಿರದಿಂದ ನೋಡಿ ಹೀಗೆ ಹೇಳಿದವರು ಹಿಂದೆ ಯಾರಾದರೂ ಇದ್ದರೋ ಇಲ್ಲವೋ. ನನ್ನ ಆಸೆಗೆ ನನಗೇ ನಾಚಿಕೆಯಾಯಿತು. ತಪ್ಪು ಹಿಡಿದರೆ ಮಾತ್ರ ನೀನು ಬೇಕು ಎಂದುಕೊಂಡಿದ್ದೆನಲ್ಲ. ಸರಿಯಿದ್ದದ್ದನ್ನು ಸರಿಯಿದೆ ಎಂದು ಹೇಳಲೂ ಒಬ್ಬರು ಹತ್ತಿ ನೋಡಬೇಕು, ಆ ಒಬ್ಬರು ನಮ್ಮ ಮನೆ ಹುಡುಗಿ. ಪುಟ್ಟಿ ಚಪ್ಪಾಳೆ ತಟ್ಟಿದಳು. ನಿನ್ನ ಗಂಡ ಕಣ್ಣಿಗೆ ಧೂಳು ಬಿತ್ತು ಎಂದು ಆ ಕಡೆ ಹೋದ. ಧೂಳೂ ಇಲ್ಲ, ಏನೂ ಇಲ್ಲ. ವಾಪಸ್ ಬಂದವನು ತಾನಾಗಿಯೇ ಹೇಳಿದ, ಇನ್ನು ಮೇಲೆ ವಾರ ಬಿಟ್ಟು ವಾರ ಪುಟ್ಟಿಯನ್ನು ನಾನೇ ಇಲ್ಲಿಗೆ ಕರ್ಕೊಂಡು ಬರ್ತೀನಿ ಅಂತ. ನಾನು ಅವನ ಕಿವಿ ಹಿಂಡಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಅಷ್ಟಾದರೂ ನಾನು ನಿನ್ನನ್ನು ಕರೆದುಕೊಂಡೇ ಹೋಗುತ್ತಿದ್ದೆ. ನಿನ್ನ ಮಾತಿಗೆ ಎದುರಾಡಬಾರದು ಎಂದು ಮನಸ್ಸು ಮಾಡಿಕೊಂಡು ಬಂದಿದ್ದೆ. ಕಾರಿನ ಡಿಕ್ಕಿ ತೆಗೆದಿಟ್ಟಿದ್ದೆವು, ಬ್ಯಾಗಿಗೆ ಜಾಗ ಮಾಡಿದ್ದೆವು. ನೀನು ಸಹಿ ಹಾಕಿ, ನಮ್ಮನ್ನು ಕಂಡು, ಹೊಸ ಬೆಲ್ಟ್ ಕೂಡ ಬಿಚ್ಚದೆ ಈ ಕಡೆ ಓಡಿಬರುತ್ತಿದ್ದೆ. ಹಿಂದಿನಿಂದ ಆ ಯಜಮಾನರು ಕೂಗಿದರು, "ಮೇಡಂ, ಪಕ್ಕದ ಕಂಬದ್ದೂ ಕಟ್ಟಿ ಆಯ್ತು. ಅದನ್ನ ಯಾವಾಗ ನೋಡ್ತೀರಿ?"

ಅದು ನಿನ್ನ ಕೊನೆಯ ದಿನ. ನೀನು ತಿರುಗಿಯೂ ನೋಡಲಿಲ್ಲ, ಯೋಚನೆಯೂ ಮಾಡಲಿಲ್ಲ. ಓಡುತ್ತಲೇ ಕೈ ಎತ್ತಿ ಕೂಗಿದೆ, "ನಾಳೆ ಬೆಳಿಗ್ಗೆ ಮೊದಲು ಅದೇ!"

ಏನು ಹೇಳಿದೆ ಎಂದು ನಿನಗೇ ಗೊತ್ತಾಗಲಿಲ್ಲ. ನಮಗೆ ಗೊತ್ತಾಯಿತು. ನೀನು ನಮ್ಮ ಹತ್ತಿರ ಬಂದು ಪುಟ್ಟಿಯನ್ನು ಎತ್ತಿಕೊಳ್ಳುವಷ್ಟರಲ್ಲಿ ನಾನು ನಿನ್ನ ಗಂಡನಿಗೆ ಹೇಳಿ ಆಗಿತ್ತು, "ಡಿಕ್ಕಿ ಮುಚ್ಚೋ. ನಾಳೆ ಅವಳಿಗೆ ಕೆಲಸ ಇದೆ."

ನಿನ್ನ ಅತ್ತೆ